ರಂಜಾನ್ ತಿಂಗಳಲ್ಲಿ ವಿಮಾನ ಪ್ರಯಾಣ: ಮದ್ಯ ಎಲ್ಲಿ ಸಿಗುತ್ತದೆ, ಎಲ್ಲಿ ಸಿಗುವುದಿಲ್ಲ, ಹೇಗೆ ಕೇಳಬೇಕು

ಬೆಂಗಳೂರಿನಿಂದ ಲಂಡನ್ನಿಗೋ ಟೊರಾಂಟೋಗೋ ಮಗಳ ಮನೆಗೆ ಹೊರಟಿದ್ದೀರಿ. ಟಿಕೆಟ್ ದುಬೈ ಮೂಲಕ ಇದೆ, ಇಲ್ಲವೇ ದೋಹಾ ಮೂಲಕ. ಕ್ಯಾಲೆಂಡರ್ ತೆಗೆದು ನೋಡಿದರೆ ಅದು ರಂಜಾನ್ ತಿಂಗಳು. ಊಟದ ಜೊತೆ ಒಂದು ಗ್ಲಾಸ್ ವೈನ್ ಅಥವಾ ಬಿಯರ್ ಕುಡಿಯುವ ರೂಢಿ ಇರುವವರಿಗೆ ಆಗ ಒಂದರ ಹಿಂದೆ ಒಂದು ಪ್ರಶ್ನೆಗಳು ಹುಟ್ಟುತ್ತವೆ. ವಿಮಾನದಲ್ಲಿ ಕೊಡುತ್ತಾರಾ? ಕೇಳಿದರೆ ತಪ್ಪಾಗುತ್ತದಾ? ಪಕ್ಕದವರು ಉಪವಾಸ ಇದ್ದರೆ? ಡ್ಯೂಟಿ ಫ್ರೀಯಲ್ಲಿ ಕೊಂಡ ಬಾಟಲಿಯನ್ನು ಎಲ್ಲಾದರೂ ಕಿತ್ತುಕೊಳ್ಳುತ್ತಾರಾ?

ಭಯಪಡಬೇಡಿ. ಇದರಲ್ಲಿ ಗೋಜಲು ಇರುವುದು ಒಂದೇ ಕಡೆ. ಮೂರು ಬೇರೆ ಬೇರೆ ಜಾಗಗಳ ನಿಯಮಗಳನ್ನು ಜನ ಒಂದೇ ಎಂದು ತಿಳಿಯುತ್ತಾರೆ. ವಿಮಾನದ ಒಳಗೆ ವಿಮಾನ ಕಂಪನಿಯ ನಿಯಮ ನಡೆಯುತ್ತದೆ. ನಿಲ್ದಾಣದಲ್ಲಿ ಆ ನಿಲ್ದಾಣದ ನಿಯಮ. ನಿಲ್ದಾಣ ದಾಟಿ ಊರೊಳಗೆ ಕಾಲಿಟ್ಟರೆ ಆ ದೇಶದ ಕಾನೂನು. ಈಗ ಯಾವ ಜಾಗದಲ್ಲಿದ್ದೇನೆ ಎಂದು ಪ್ರತಿ ಸಲ ಒಮ್ಮೆ ಕೇಳಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಇನ್ನು ಒಂದೊಂದೇ ಹಂತ ನೋಡೋಣ.

ಹಂತ 1: ರಂಜಾನ್ ಯಾವಾಗ ಎಂದು ನೋಡಿ

ಮೊದಲು ನಿಮ್ಮ ಪ್ರಯಾಣದ ದಿನಾಂಕ ಬರೆದುಕೊಳ್ಳಿ. ರಂಜಾನ್ ಚಂದ್ರಮಾನದ ತಿಂಗಳು, 29 ಅಥವಾ 30 ದಿನ ಇರುತ್ತದೆ. ನಮ್ಮ ಅಧಿಕಮಾಸದಂಥ ಏರ್ಪಾಡು ಇಸ್ಲಾಮಿ ಪಂಚಾಂಗದಲ್ಲಿಲ್ಲ. ಹಾಗಾಗಿ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತಾ ಬರುತ್ತದೆ. 2030ರಲ್ಲಂತೂ ಜನವರಿಯಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಇನ್ನೊಮ್ಮೆ, ಎರಡು ಸಲ ಶುರುವಾಗುತ್ತದೆ. ಹೋದ ವರ್ಷದ ನೆನಪಿನ ಮೇಲೆ ಲೆಕ್ಕ ಹಾಕಬೇಡಿ.

ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಚಂದ್ರದರ್ಶನ ಎಲ್ಲ ದೇಶದಲ್ಲೂ ಒಂದೇ ದಿನ ಆಗುವುದಿಲ್ಲ. 2025ರಲ್ಲಿ ಸೌದಿ ಅರೇಬಿಯಾ ಮತ್ತು ಯುಎಇಯಲ್ಲಿ ಮಾರ್ಚ್ 1ಕ್ಕೆ ಉಪವಾಸ ಶುರುವಾಯಿತು, ಭಾರತದಲ್ಲಿ ಮಾರ್ಚ್ 2ಕ್ಕೆ. ಮನೆಯ ಗೋಡೆಯ ಕ್ಯಾಲೆಂಡರ್ ಇಲ್ಲಿನದನ್ನು ಹೇಳುತ್ತದೆ. ನೀವು ನೋಡಬೇಕಾದದ್ದು ಇಳಿಯುವ ಅಥವಾ ವಿಮಾನ ಬದಲಿಸುವ ದೇಶದ ದಿನಾಂಕವನ್ನು.

ಹಂತ 2: ಟಿಕೆಟ್ ತೆಗೆದು ವಿಮಾನ ಯಾರದ್ದು ಎಂದು ಓದಿ

ಟಿಕೆಟ್‌ನಲ್ಲಿ ಕಂಪನಿಯ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಆಪರೇಟೆಡ್ ಬೈ’ ಎಂದು ಬರೆದಿರುತ್ತದೆ. ಅದನ್ನು ಓದಿ. ಟಿಕೆಟ್ ಮಾರಿದವರು ಒಬ್ಬರು, ವಿಮಾನ ಹಾರಿಸುವವರು ಇನ್ನೊಬ್ಬರು ಇರಬಹುದು. ಊಟ, ಪಾನೀಯ ಎಲ್ಲ ಹಾರಿಸುವವರ ನಿಯಮದಂತೆ.

ಕೆಲವು ಕಂಪನಿಗಳಲ್ಲಿ ವರ್ಷದ ಯಾವ ದಿನವೂ ಮದ್ಯ ಇರುವುದಿಲ್ಲ. ಸೌದಿಯಾ, ಕುವೈತ್ ಏರ್‌ವೇಸ್, ಶಾರ್ಜಾದ ಏರ್ ಅರೇಬಿಯಾ, ರಾಯಲ್ ಬ್ರೂನೈ ಈ ಸಾಲಿನವು.   ಇವುಗಳಲ್ಲಿ ಟಿಕೆಟ್ ಇದ್ದರೆ ರಂಜಾನ್ ಇರಲಿ ಬಿಡಲಿ, ಉತ್ತರ ಒಂದೇ.

ಎಮಿರೇಟ್ಸ್, ಕತಾರ್ ಏರ್‌ವೇಸ್, ಎತಿಹಾದ್ ವಿಮಾನಗಳಲ್ಲಿ ಸಾಮಾನ್ಯವಾಗಿ ರಂಜಾನ್ ತಿಂಗಳಲ್ಲೂ ಮದ್ಯ ಸಿಗುತ್ತದೆ, ಎಕಾನಮಿಯಲ್ಲೂ ಅದಕ್ಕೆ ಬೇರೆ ದುಡ್ಡಿಲ್ಲ. ಫ್ಲೈದುಬೈಯ ಎಕಾನಮಿಯಲ್ಲಿ ದುಡ್ಡು ಕೊಟ್ಟು ಕೊಳ್ಳಬೇಕು. ಆದರೆ ಒಂದೇ ಕಂಪನಿಯಲ್ಲೂ ದಾರಿಗೆ ತಕ್ಕಂತೆ ನಿಯಮ ಬದಲಾಗುತ್ತದೆ. ಜಿದ್ದಾ, ಮದೀನಾ ಕಡೆಗೆ ಹಾರುವ ಎಮಿರೇಟ್ಸ್ ವಿಮಾನದಲ್ಲಿ ಮದ್ಯ ಇರುವುದಿಲ್ಲ. ಆ ವಿಮಾನದಲ್ಲಿ ಉಮ್ರಾಕ್ಕೆ ಹೊರಟವರು ತುಂಬಿರುತ್ತಾರೆ, ರಂಜಾನ್‌ನಲ್ಲಿ ಇನ್ನೂ ಹೆಚ್ಚು. ಯಾತ್ರೆಗೆ ಹೊರಟವರ ನಡುವೆ ಗ್ಲಾಸ್ ಬಡಿಸದಿರುವುದು ಸರಿಯಾದದ್ದೇ ಎಂದು ನನಗೆ ಅನಿಸುತ್ತದೆ.

ಹಂತ 3: ಕಂಪನಿಗೆ ಒಂದು ಪ್ರಶ್ನೆ ಕೇಳಿ

ನಿಮ್ಮ ಪಿಎನ್‌ಆರ್ ನಂಬರ್ ಕೈಯಲ್ಲಿಟ್ಟುಕೊಳ್ಳಿ. ವಿಮಾನ ಕಂಪನಿಯ ಆ್ಯಪ್‌ನಲ್ಲಿ ಚಾಟ್ ಇದ್ದರೆ ಅದರಲ್ಲಿ, ಇಲ್ಲವೇ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕೇಳಿ. ಪ್ರಶ್ನೆ ಸರಳವಾಗಿರಲಿ: ‘ಈ ದಿನಾಂಕದ ಈ ವಿಮಾನದಲ್ಲಿ ಮದ್ಯ ಬಡಿಸುತ್ತೀರಾ? ಟ್ರಾನ್ಸಿಟ್ ನಿಲ್ದಾಣದ ನಿಮ್ಮ ಲೌಂಜ್‌ನಲ್ಲಿ ಬಡಿಸುತ್ತೀರಾ?’ ಎರಡನ್ನೂ ಬಿಡಿಬಿಡಿಯಾಗಿ ಕೇಳಿ. ‘ರಂಜಾನ್‌ನಲ್ಲಿ ಏನು ನಿಯಮ?’ ಎಂದು ಒಟ್ಟಾರೆ ಕೇಳಿದರೆ ಒಟ್ಟಾರೆ ಉತ್ತರವೇ ಬರುತ್ತದೆ, ಕೆಲಸಕ್ಕೆ ಬರುವುದಿಲ್ಲ.

ಕೇಳಲು ಸಂಕೋಚ ಬೇಡ. ಅವರು ದಿನಾ ಉತ್ತರಿಸುವ ಪ್ರಶ್ನೆ ಇದು.

ಹಂತ 4: ನಡುವಿನ ನಿಲ್ದಾಣದಲ್ಲಿ ಒಳಗೇ ಇರುತ್ತೀರಾ, ಹೊರಗೆ ಹೋಗುತ್ತೀರಾ ತೀರ್ಮಾನಿಸಿ

ಎರಡು ಮೂರು ಗಂಟೆ ಕಾದು ಇನ್ನೊಂದು ವಿಮಾನ ಹತ್ತುವುದಾದರೆ ನೀವು ಟ್ರಾನ್ಸಿಟ್ ಪ್ರಯಾಣಿಕರು, ಇಮಿಗ್ರೇಷನ್ ದಾಟುವುದಿಲ್ಲ. ಒಂದು ರಾತ್ರಿ ಹೋಟೆಲ್‌ನಲ್ಲಿ ತಂಗುವುದಾದರೆ, ನೆಂಟರ ಮನೆಗೆ ಹೋಗುವುದಾದರೆ, ಪಾಸ್‌ಪೋರ್ಟ್‌ಗೆ ಮುದ್ರೆ ಬೀಳುತ್ತದೆ, ಆ ದೇಶದ ಕಸ್ಟಮ್ಸ್ ದಾಟುತ್ತೀರಿ. ಮದ್ಯದ ಮಟ್ಟಿಗೆ ಈ ಎರಡಕ್ಕೂ ಅಜಗಜಾಂತರ.

ಒಂದು ಎಚ್ಚರಿಕೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿಹೋದರೆ ಕಂಪನಿಯವರು ನಿಮ್ಮನ್ನು ಊರೊಳಗಿನ ಹೋಟೆಲ್‌ಗೆ ಕಳಿಸಬಹುದು. ಒಳಗೇ ಇರುತ್ತೇನೆ ಎಂದುಕೊಂಡಿದ್ದವರು ಅನಿರೀಕ್ಷಿತವಾಗಿ ಕಸ್ಟಮ್ಸ್ ಮುಂದೆ ನಿಲ್ಲುತ್ತಾರೆ. ಕೈಚೀಲದಲ್ಲಿ ಬಾಟಲಿ ಇದ್ದರೆ ಆಗ ತೊಂದರೆ. ಸೌದಿ, ಕುವೈತ್, ಕತಾರ್ ಮೂಲಕ ಹೋಗುವವರು ಬೆಂಗಳೂರಿನಲ್ಲಿ ಬಾಟಲಿ ಕೊಳ್ಳದಿರುವುದೇ ಒಳ್ಳೆಯದು.

ಹಂತ 5: ಸೂಟ್‌ಕೇಸ್ ತುಂಬುವಾಗ ಬಾಟಲಿ ಇದೆಯೇ ನೋಡಿ

ಲಂಡನ್ನಿನ ಅಳಿಯನಿಗೆ ಇಲ್ಲಿನ ವಿಸ್ಕಿಯೋ ನಂದಿಬೆಟ್ಟದ ತಪ್ಪಲಿನ ವೈನೋ ಒಯ್ಯುವ ಆಸೆ ಇರಬಹುದು. ಚೆಕ್‌-ಇನ್ ಸಾಮಾನಿನಲ್ಲಿ ಶೇಕಡಾ 24ರಿಂದ 70ರವರೆಗೆ ಆಲ್ಕೋಹಾಲ್ ಇರುವ ಬಾಟಲಿಗಳನ್ನು ಒಬ್ಬರು ಒಟ್ಟು 5 ಲೀಟರ್ ತನಕ ಇಡಬಹುದು. ಅಂಗಡಿಯ ಮೂಲ ಸೀಲ್ ಒಡೆದಿರಬಾರದು. ಶೇಕಡಾ 70ಕ್ಕಿಂತ ಕಡಕ್ ಆದದ್ದನ್ನು ಒಯ್ಯುವಂತೆಯೇ ಇಲ್ಲ. ಇದು ಅಂತರರಾಷ್ಟ್ರೀಯ ವಿಮಾನ ಸುರಕ್ಷತೆಯ ನಿಯಮ, ಬೆಂಕಿಯ ಅಪಾಯಕ್ಕಾಗಿ ಮಾಡಿದ್ದು. ಇಳಿಯುವ ದೇಶ ಎಷ್ಟು ಒಳಗೆ ಬಿಡುತ್ತದೆ ಎಂಬುದು ಬೇರೆಯೇ ಲೆಕ್ಕ, ಅದನ್ನು ಆ ದೇಶದ ಕಸ್ಟಮ್ಸ್ ಪುಟದಲ್ಲಿ ನೋಡಿ.

ನಿಮ್ಮ ಸಾಮಾನು ಕೊನೆಯ ಊರಿಗೇ ನೇರ ಹೋಗುತ್ತದೆಯೇ ಎಂದು ಚೆಕ್‌-ಇನ್ ಕೌಂಟರ್‌ನಲ್ಲಿ ಕೇಳಿ. ಟ್ಯಾಗ್ ಮೇಲೆ ಕೊನೆಯ ಊರಿನ ಕೋಡ್ ಇದೆಯೇ ಕಣ್ಣಾರೆ ನೋಡಿ. ಎರಡು ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ನಡುವೆ ಸಾಮಾನು ಇಳಿಸಿಕೊಂಡು ಮತ್ತೆ ಹಾಕಬೇಕಾಗಬಹುದು. ಆಗ ಬಾಟಲಿ ಆ ದೇಶದೊಳಗೆ ಬಂದ ಹಾಗೆಯೇ ಲೆಕ್ಕ.

ಸೌದಿ ಅರೇಬಿಯಾದಲ್ಲಿ ಇಳಿಯುವವರಿಗೆ ಒಂದೇ ಮಾತು: ಒಂದು ಹನಿಯೂ ಬೇಡ. ಅಲ್ಲಿ 1952ರಿಂದ ಮದ್ಯ ನಿಷೇಧವಿದೆ. ಕುವೈತ್‌ನಲ್ಲೂ ನಿಷೇಧವೇ. ಕತಾರ್‌ನಲ್ಲಿ ಪ್ರಯಾಣಿಕರು ಮದ್ಯ ಒಳಗೆ ತರುವಂತಿಲ್ಲ, ರಂಜಾನ್ ಅಲ್ಲದ ದಿನಗಳಲ್ಲೂ.

ಹಂತ 6: ವಿಮಾನ ಹತ್ತಿದ ಮೇಲೆ ಸ್ವಲ್ಪ ಕಾಯಿರಿ

ಸೀಟಿನಲ್ಲಿ ಕೂತ ಕೂಡಲೇ ಕೇಳಬೇಡಿ. ವಿಮಾನ ಮೇಲೇರಿ, ಸೀಟ್ ಬೆಲ್ಟ್ ದೀಪ ಆರಿ, ಊಟದ ಟ್ರಾಲಿ ಹೊರಡುವವರೆಗೆ ತಾಳಿ. ಟ್ರಾಲಿ ನಿಮ್ಮ ಸಾಲಿಗೆ ಬಂದಾಗ ಮಾಮೂಲಿ ದನಿಯಲ್ಲಿ ಕೇಳಿ: ‘ಈಸ್ ವೈನ್ ಅವೈಲಬಲ್ ಟುಡೇ?’ ಇಷ್ಟೇ ಸಾಕು. ‘ಇದೆಯಾ’ ಎಂದು ಕೇಳಿದರೆ ಇಲ್ಲ ಎನ್ನಲು ಅವರಿಗೂ ಸುಲಭ, ಕೇಳಿಸಿಕೊಳ್ಳಲು ನಿಮಗೂ ಸುಲಭ. ಬೆಂಗಳೂರು ಭಾಗದ ಹಲವು ವಿಮಾನಗಳಲ್ಲಿ ಕನ್ನಡ ಬಲ್ಲ ಸಿಬ್ಬಂದಿಯೂ ಇರುತ್ತಾರೆ. ಇಂಗ್ಲಿಷ್ ಬಾರದಿದ್ದರೆ ‘ವೈನ್’, ‘ಬಿಯರ್’ ಎಂಬ ಒಂದು ಪದ, ಜೊತೆಗೆ ‘ಪ್ಲೀಸ್’ ಸಾಕಾಗುತ್ತದೆ.

ಟ್ರಾಲಿಯ ಮೇಲೆ ಬಾಟಲಿ ಕಾಣುತ್ತಿಲ್ಲ ಎಂದರೆ ಮದ್ಯ ಇಲ್ಲ ಎಂದೇ ಅರ್ಥವಲ್ಲ. ಈ ತಿಂಗಳಲ್ಲಿ ಎದ್ದು ಕಾಣುವಂತೆ ಇಡದೆ, ಕೇಳಿದವರಿಗೆ ತಂದುಕೊಡುವುದೂ ಉಂಟು. ಇಲ್ಲ ಎಂದರೆ ‘ಓಕೆ, ಥ್ಯಾಂಕ್ಯೂ’ ಎಂದು ಜ್ಯೂಸ್ ತೆಗೆದುಕೊಳ್ಳಿ. ವಾದ ಬೇಡ. ಟ್ರಾಲಿ ತಂದ ಹುಡುಗಿ ನಿಯಮ ಮಾಡಿದವಳಲ್ಲ. ಆಕೆಯೇ ಬೆಳಗಿನಿಂದ ನೀರು ಕುಡಿಯದೆ ಉಪವಾಸದಲ್ಲಿ ನಿಂತು ನಿಮಗೆ ಊಟ ಬಡಿಸುತ್ತಿರಬಹುದು.

ಡ್ಯೂಟಿ ಫ್ರೀಯಲ್ಲಿ ಕೊಂಡ ಬಾಟಲಿಯನ್ನು ವಿಮಾನದಲ್ಲಿ ಮಾತ್ರ ತೆರೆಯಲೇಬೇಡಿ. ಸಿಬ್ಬಂದಿ ಬಡಿಸಿದ್ದನ್ನು ಬಿಟ್ಟು ಸ್ವಂತದ್ದನ್ನು ಕುಡಿಯುವಂತಿಲ್ಲ. ಕುಡಿದು ಗಲಾಟೆ ಮಾಡಿದವರ ಮೇಲೆ ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮವೇ ಗಟ್ಟಿಯಾಗಿದೆ. ಬರೀ ಮಾತಿನ ರಂಪಕ್ಕೆ 3 ತಿಂಗಳವರೆಗೆ, ಮೈಮುಟ್ಟಿ ತೊಂದರೆ ಕೊಟ್ಟರೆ 6 ತಿಂಗಳವರೆಗೆ, ಪ್ರಾಣಕ್ಕೆ ಅಪಾಯ ತರುವಂಥದ್ದಕ್ಕೆ 2 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ವಿಮಾನ ಹತ್ತದಂತೆ ತಡೆಯಬಹುದು.

ಹಂತ 7: ಪಕ್ಕದ ಸೀಟಿನವರನ್ನು ಒಮ್ಮೆ ನೋಡಿ

ಇದು ನಿಯಮವಲ್ಲ. ಆದರೆ ಈ ಬರಹದಲ್ಲಿ ನನಗೆ ಅತಿ ಮುಖ್ಯವಾದ ಹಂತ ಇದೇ.

ಇಸ್ಲಾಮಿನಲ್ಲಿ ಪ್ರಯಾಣಿಕರಿಗೆ ಉಪವಾಸದಿಂದ ವಿನಾಯಿತಿ ಇದೆ, ಬಿಟ್ಟ ದಿನಗಳನ್ನು ಆಮೇಲೆ ತುಂಬಿಕೊಡಬಹುದು. ಆದರೂ ಬಹಳ ಜನ ವಿಮಾನದಲ್ಲೂ ಉಪವಾಸ ಬಿಡುವುದಿಲ್ಲ. ಊಟದ ತಟ್ಟೆ ಬೇಡ ಎಂದು ಸುಮ್ಮನೆ ಕೂತವರು ನಿಮ್ಮ ಪಕ್ಕದಲ್ಲಿದ್ದರೆ ಒಂದು ಮಾತು ಕೇಳಿ: ‘ನಾನು ಊಟ ಮಾಡಿದರೆ ನಿಮಗೆ ತೊಂದರೆ ಇಲ್ಲ ತಾನೇ?’ ಹತ್ತರಲ್ಲಿ ಒಂಬತ್ತು ಜನ ನಕ್ಕು ‘ಆರಾಮಾಗಿ ಮಾಡಿ’ ಎನ್ನುತ್ತಾರೆ. ಮಂಗಳೂರು ಕಡೆಯ ಬ್ಯಾರಿ ಕುಟುಂಬದವರಾದರೆ ಮಾತು ಅಲ್ಲಿಂದ ಊರು, ಮಕ್ಕಳು, ಸಮೋಸ ಎಂದು ಎಲ್ಲೆಲ್ಲಿಗೋ ಹೋಗುತ್ತದೆ.

ವೈನ್ ವಿಷಯದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಸೂರ್ಯ ಮುಳುಗಲು ಅರ್ಧ ಗಂಟೆ ಮಾತ್ರ ಇದ್ದರೆ ಕಾಯಿರಿ. ಅವರ ಉಪವಾಸ ಮುಗಿಯಲಿ, ಅವರ ಬಾಯಿಗೆ ಖರ್ಜೂರ, ನೀರು ಬೀಳಲಿ. ಆಮೇಲೆ ನಿಮ್ಮ ಗ್ಲಾಸ್ ತರಿಸಿಕೊಳ್ಳಿ. ಎಮಿರೇಟ್ಸ್‌ನಂಥ ಕಂಪನಿಗಳು ಉಪವಾಸಿಗರಿಗೆ ಇಫ್ತಾರ್ ಡಬ್ಬಿ ಕೊಡುತ್ತವೆ.

ಆಕಾಶದಲ್ಲಿ ಇಫ್ತಾರ್ ಸಮಯ ಗೊತ್ತಾಗುವುದು ಹೇಗೆ ಎಂಬುದು ಸ್ವಾರಸ್ಯದ ವಿಷಯ. ಎತ್ತರಕ್ಕೆ ಹೋದಷ್ಟೂ ಸೂರ್ಯ ತಡವಾಗಿ ಮುಳುಗುತ್ತಾನೆ. ದುಬೈನ ಬುರ್ಜ್ ಖಲೀಫಾದಲ್ಲೇ 80ನೇ ಮಹಡಿಗಿಂತ ಮೇಲಿರುವವರು ಎರಡು ನಿಮಿಷ, 150ಕ್ಕಿಂತ ಮೇಲಿರುವವರು ಮೂರು ನಿಮಿಷ ತಡವಾಗಿ ಉಪವಾಸ ಬಿಡಬೇಕೆಂದು ಅಲ್ಲಿನ ಧರ್ಮಗುರುಗಳು 2011ರಲ್ಲಿ ಹೇಳಿದ್ದರು. ಹಾಗಿದ್ದರೆ 35,000 ಅಡಿ ಎತ್ತರದಲ್ಲಿ, ಪಶ್ಚಿಮಕ್ಕೆ ಓಡುತ್ತಿರುವ ವಿಮಾನದಲ್ಲಿ ಎಷ್ಟು ಕಾಯಬೇಕು ಯೋಚಿಸಿ! ಬೆಂಗಳೂರಿನಿಂದ ದುಬೈಗೆ ಸಂಜೆ ಹೊರಟರೆ ಸೂರ್ಯನ ಬೆನ್ನು ಹತ್ತಿಯೇ ಹೋಗುತ್ತೀರಿ, ಕಿಟಕಿಯಲ್ಲಿ ಬೆಳಕು ಬೇಗ ಬಿಡುವುದಿಲ್ಲ. ವಿಮಾನ ಇರುವ ಜಾಗ, ಎತ್ತರ ಎರಡನ್ನೂ ಲೆಕ್ಕ ಹಾಕಿ ಇಫ್ತಾರ್ ಹೊತ್ತನ್ನು ವಿಮಾನದಲ್ಲೇ ಘೋಷಿಸುತ್ತಾರೆ. ಆ ಘೋಷಣೆ ಕೇಳಿದ ಮೇಲೆ ಪಕ್ಕದವರು ಖರ್ಜೂರ ನೀಡಿದರೆ ಬೇಡ ಎನ್ನಬೇಡಿ, ಎರಡು ಕೈಯಿಂದ ತೆಗೆದುಕೊಳ್ಳಿ.

ಹಂತ 8: ಒಂದು ಗ್ಲಾಸ್‌ಗೆ ಒಂದು ಗ್ಲಾಸ್ ನೀರು

ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟೇ ಇರುತ್ತದೆ. ಮುಳ್ಳಯ್ಯನಗಿರಿಯ ತುದಿ 6,300 ಅಡಿ ದಾಟುತ್ತದೆ, ಅದಕ್ಕೆ ಹೋಲಿಸಿಕೊಳ್ಳಿ. ಗಾಳಿಯೂ ಬಹಳ ಒಣ, ಅದಕ್ಕೇ ಮದ್ಯದ ಪ್ರತಿ ಗ್ಲಾಸ್‌ಗೆ ಒಂದು ಗ್ಲಾಸ್ ನೀರು ಕುಡಿಯಿರಿ. ಜರ್ಮನಿಯ ಏರೋಸ್ಪೇಸ್ ಕೇಂದ್ರದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಒತ್ತಡದಲ್ಲಿ ಕುಡಿದು ಮಲಗಿದವರ ರಕ್ತದ ಆಮ್ಲಜನಕ ಇಳಿದು ಹೃದಯ ಬಡಿತ ಏರಿದ್ದು ಕಂಡಿತು. ಅವರೆಲ್ಲ ಆರೋಗ್ಯವಂತ ಯುವಕ ಯುವತಿಯರು. ಹೃದಯ, ಶ್ವಾಸಕೋಶದ ತೊಂದರೆ ಇರುವವರು, ನಿದ್ದೆ ಮಾತ್ರೆ ನುಂಗುವವರು ವಿಮಾನದಲ್ಲಿ ಮದ್ಯ ಮುಟ್ಟಬೇಡಿ. ಉಳಿದವರು ಒಂದಕ್ಕೆ ನಿಲ್ಲಿಸಿ.

ಹಂತ 9: ನಡುವಿನ ನಿಲ್ದಾಣದಲ್ಲಿ ಇಳಿದ ಮೇಲೆ

ದುಬೈ: ಟ್ರಾನ್ಸಿಟ್ ಪ್ರಯಾಣಿಕರಿಗೆ ಚಿಂತೆ ಇಲ್ಲ. ರಂಜಾನ್ ಹಗಲಿನಲ್ಲೂ ನಿಲ್ದಾಣದೊಳಗೆ ಊಟ, ತಿಂಡಿ, ಪಾನೀಯ ಸಿಗುತ್ತವೆ, ಬಾರ್‌ಗಳೂ ಇವೆ. ಬಾರ್‌ನ ಒಳಗೇ ಕೂತು ಕುಡಿಯಿರಿ, ಬಿಯರ್ ಗ್ಲಾಸ್ ಹಿಡಿದು ಗೇಟಿನ ಕಡೆ ನಡೆಯಬೇಡಿ.

ದೋಹಾ: ಕತಾರ್‌ನಲ್ಲಿ ರಂಜಾನ್ ಇಡೀ ತಿಂಗಳು ಹೋಟೆಲ್‌ಗಳಲ್ಲಿ ಮದ್ಯ ನಿಲ್ಲುತ್ತದೆ. ಹಮದ್ ನಿಲ್ದಾಣದಲ್ಲಿ ಸಿಗುವುದಿಲ್ಲ ಎಂದೇ ಲೆಕ್ಕ ಹಾಕಿಕೊಂಡು ಹೋಗಿ. ಲೌಂಜ್ ಸೌಲಭ್ಯ ಇದ್ದರೆ ಬಾಗಿಲಲ್ಲೇ ರಿಸೆಪ್ಷನ್‌ನವರನ್ನು ಕೇಳಿ.

ಮಸ್ಕತ್, ಬಹ್ರೇನ್: ಈ ಎರಡೂ ದೇಶಗಳಲ್ಲಿ ರಂಜಾನ್‌ನಲ್ಲಿ ಬಾರ್‌ಗಳು ಮುಚ್ಚುತ್ತವೆ. ಇಲ್ಲಿಯೂ ಕಾಫಿಗೆ ಮನಸ್ಸು ಮಾಡಿಕೊಂಡೇ ಇಳಿಯಿರಿ.

ಹಂತ 10: ದುಬೈ ಊರೊಳಗೆ ಹೋಗುವುದಿದ್ದರೆ

ಹಿಂದೆ ದುಬೈ ಹೋಟೆಲ್‌ಗಳಲ್ಲಿ ರಂಜಾನ್ ಹಗಲಿನಲ್ಲಿ ಮದ್ಯ ಕೊಡುತ್ತಿರಲಿಲ್ಲ. 2016ರಲ್ಲಿ ಅದನ್ನು ಸಡಿಲಿಸಿದರು. ಈಗ ಲೈಸೆನ್ಸ್ ಇರುವ ಹೋಟೆಲ್‌ಗಳಲ್ಲಿ ಸಿಗುತ್ತದೆ, ಆದರೂ ಸಂಗೀತ, ಕುಣಿತ ಕಡಿಮೆ, ಕೆಲವು ಜಾಗಗಳು ತಾವಾಗಿಯೇ ಸಂಜೆಯವರೆಗೆ ಬಾಗಿಲು ಹಾಕಿರುತ್ತವೆ. ನಿಮಗೆ 21 ವರ್ಷ ತುಂಬಿರಬೇಕು. ಪಾಸ್‌ಪೋರ್ಟ್ ಜೊತೆಗಿರಲಿ. ರಸ್ತೆ, ಬೀಚ್, ಪಾರ್ಕ್‌ಗಳಲ್ಲಿ ಕುಡಿಯುವುದು ಯಾವ ತಿಂಗಳಲ್ಲೂ ಅಪರಾಧ. ಕುಡಿದು ಗಾಡಿ ಓಡಿಸಿದರೆ ಒಂದು ಗುಟುಕಿಗೂ ಕ್ಷಮೆ ಇಲ್ಲ.

ದುಬೈನಲ್ಲಿ ಇಳಿದಾಗ ಅರೈವಲ್ ಡ್ಯೂಟಿ ಫ್ರೀಯಿಂದ ಒಬ್ಬರು 4 ಲೀಟರ್ ಮದ್ಯ, ಇಲ್ಲವೇ ಬಿಯರ್‌ನ ಎರಡು ಕಾರ್ಟನ್ ಒಯ್ಯಬಹುದು. ಆದರೆ ದಯವಿಟ್ಟು ಇದನ್ನು ಗಮನಿಸಿ: ನಮ್ಮವರು ಎಷ್ಟೋ ಜನ ದುಬೈನಲ್ಲಿ ಕೆಲಸ ಮಾಡಿ, ಬಾಡಿಗೆ ಕಡಿಮೆ ಎಂದು ಶಾರ್ಜಾದಲ್ಲಿ ಮನೆ ಮಾಡಿರುತ್ತಾರೆ. ಶಾರ್ಜಾದಲ್ಲಿ ಮದ್ಯ ಪೂರ್ತಿ ನಿಷಿದ್ಧ. ಎರಡು ಊರುಗಳ ನಡುವೆ ಗೇಟು, ಬೇಲಿ ಏನೂ ಇಲ್ಲ, ರಸ್ತೆ ಒಂದೇ ಸಮನೆ ಹೋಗುತ್ತದೆ. ಭಾವನಿಗೆಂದು ದುಬೈನಲ್ಲಿ ಕೊಂಡ ಬಾಟಲಿ ಅರ್ಧ ಗಂಟೆಯ ಕಾರು ಪ್ರಯಾಣದಲ್ಲಿ ಅಪರಾಧದ ವಸ್ತುವಾಗುತ್ತದೆ. ಸಿಕ್ಕಿಬಿದ್ದರೆ ತೊಂದರೆ ನಿಮಗಿಂತ ಅವರಿಗೆ ಹೆಚ್ಚು, ಅವರ ಕೆಲಸ, ವೀಸಾ ಎಲ್ಲ ಅಲ್ಲಿದೆ. ಕೊಳ್ಳುವ ಮೊದಲು ಒಂದು ಫೋನ್ ಮಾಡಿ, ‘ಮನೆ ಯಾವ ಕಡೆ?’ ಎಂದು ಕೇಳಿ.

ಹಂತ 11: ಡ್ಯೂಟಿ ಫ್ರೀ ಚೀಲದ ಸೀಲ್ ಒಡೆಯಬೇಡಿ

ಟ್ರಾನ್ಸಿಟ್‌ನಲ್ಲಿ ಬಾಟಲಿ ಕೊಂಡರೆ ಪಾರದರ್ಶಕ ಚೀಲದಲ್ಲಿ ಹಾಕಿ, ಬಿಲ್ ಒಳಗೇ ಕಾಣುವಂತೆ ಇಟ್ಟು, ಸೀಲ್ ಮಾಡಿ ಕೊಡುತ್ತಾರೆ. ಕೈಚೀಲದಲ್ಲಿ 100 ಮಿಲಿಲೀಟರ್‌ಗಿಂತ ದೊಡ್ಡ ದ್ರವದ ಬಾಟಲಿ ಬಿಡುವುದಿಲ್ಲ ಎಂಬ ನಿಯಮಕ್ಕೆ ಈ ಸೀಲೇ ರಿಯಾಯಿತಿ. ಎಂಥದ್ದು ನೋಡೋಣ ಎಂದು ಬಿಚ್ಚಿದರೆ ಮುಂದಿನ ಸೆಕ್ಯುರಿಟಿಯಲ್ಲಿ ಬಾಟಲಿ ಕಸದ ಡಬ್ಬಿಗೆ ಹೋಗುತ್ತದೆ. ಕೊಳ್ಳುವಾಗಲೇ ಬೋರ್ಡಿಂಗ್ ಪಾಸ್ ತೋರಿಸಿ, ‘ನಾನು ಈ ಊರಿಗೆ ಹೋಗುತ್ತಿದ್ದೇನೆ, ಇದನ್ನು ಒಯ್ಯಬಹುದೇ?’ ಎಂದು ಅಂಗಡಿಯವರನ್ನು ಕೇಳಿ.

ಹಂತ 12: ವಾಪಸ್ ಬೆಂಗಳೂರಿಗೆ ಬರುವಾಗ

ಭಾರತಕ್ಕೆ ಬರುವ ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದ ಮದ್ಯ ಒಬ್ಬರಿಗೆ 2 ಲೀಟರ್. ದುಬೈನ 4 ಲೀಟರ್ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬಹಳ ಜನ ಗೊಂದಲ ಮಾಡಿಕೊಳ್ಳುವುದು ಇಲ್ಲೇ. 2 ಲೀಟರ್ ಮೀರಿದ್ದರೆ ಗ್ರೀನ್ ಚಾನಲ್ ಕಡೆ ಹೋಗಬೇಡಿ. ರೆಡ್ ಚಾನಲ್‌ಗೆ ಹೋಗಿ, ಇಷ್ಟು ಹೆಚ್ಚಿದೆ ಎಂದು ಹೇಳಿ, ಸುಂಕ ಕಟ್ಟಿ.

ಬೆಂಗಳೂರಿನಿಂದ ಹುಬ್ಬಳ್ಳಿಗೋ ಮಂಗಳೂರಿಗೋ ಇನ್ನೊಂದು ವಿಮಾನ ಹಿಡಿಯುವುದಿದ್ದರೆ, ಕಸ್ಟಮ್ಸ್ ದಾಟಿದ ಮೇಲೆ ಸೂಟ್‌ಕೇಸ್ ತೆರೆದು ಬಾಟಲಿಯನ್ನು ಬಟ್ಟೆಯ ನಡುವೆ ಸುತ್ತಿಡಿ, ಬಿಲ್ ಮಾತ್ರ ಜೇಬಿನಲ್ಲಿರಲಿ. ಸೂಟ್‌ಕೇಸನ್ನು ಮತ್ತೆ ಚೆಕ್‌-ಇನ್‌ಗೆ ಹಾಕಿ. ದೇಶದೊಳಗಿನ ವಿಮಾನಗಳಲ್ಲಿ ಯಾವ ತಿಂಗಳಲ್ಲೂ ಮದ್ಯ ಬಡಿಸುವುದಿಲ್ಲ, ಆ ಒಂದು ಗಂಟೆಗೆ ನೀರಿನ ಬಾಟಲಿ ಸಾಕು.